ಹಾಲಪ್ಪನ ಮೂರನೇ ಮಾತು

ನಮ್ಮೂರಲ್ಲಿ ಬಿಸಿಲು ಕೇಳಿದವರ ಮನೆಗೆ ಮಾತ್ರ ಬೀಳುತ್ತದೆ. ಹೊಲಕ್ಕೆ, ಕೆರೆಗೆ, ದನ ಮೇಯುವ ಬಯಲಿಗೆ ಯಾರೂ ಕೇಳಬೇಕಾಗಿಲ್ಲ, ಅವುಗಳ ಪಾಲು ಅವಕ್ಕೆ ತಾನಾಗಿ ಬರುತ್ತದೆ. ಮನುಷ್ಯರು ಗೋಡೆ ಕಟ್ಟಿಕೊಂಡ ಕಡೆ ಮಾತ್ರ ಕೇಳಬೇಕು. ಒಮ್ಮೆ ಕೇಳಿದರೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಆ ಮನೆಯ ಮೇಲೂ ಅದರ ಮುಂದೆ ಬೀದಿಯ ಅರ್ಧ ಅಗಲದ ಮೇಲೂ ಬಿಸಿಲು ಬೀಳುತ್ತದೆ. ಕೇಳದ ಮನೆಯ ಮೇಲೆ ನಡುಮಧ್ಯಾಹ್ನವೂ ಮುಸ್ಸಂಜೆಯ ಮಬ್ಬು. ಹೊಸಬರು ಬಂದು ನಮ್ಮ ಬೀದಿಯನ್ನು ನೋಡಿದರೆ ಚೌಕಾಬಾರದ ಮನೆ ಬರೆದಿಟ್ಟ ಹಾಗೆ ಕಾಣುತ್ತದೆ, ಇಲ್ಲಿ ಬೆಳಕು, ಅಲ್ಲಿ ನೆರಳು. ಹೀಗೇಕೆ ಎಂದು ಕೇಳುತ್ತಾರೆ. ನಿಮ್ಮೂರಲ್ಲಿ ನೀರು ಇಳಿಜಾರಿಗೇ ಯಾಕೆ ಹರಿಯುತ್ತೆ ಅಂತ ನಾವೇನಾದರೂ ಕೇಳಿದ್ದೇವೆಯೇ?

ಬಿಸಿಲು ಬೇಕೇ ಎಂದು ಕೇಳಿ ಕೊಡುವ ಕೆಲಸ ನಮ್ಮಪ್ಪನದು. ಅವರ ಹೆಸರು ಹಾಲಪ್ಪ. ಮಂಡಲಕ್ಕೊಮ್ಮೆ ಬಿಳಿ ಪಂಚೆ ಉಟ್ಟು, ಕಂಕುಳಲ್ಲಿ ಒಂದು ಉದ್ದನೆಯ ಪುಸ್ತಕ ಇಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ನಿಂತು, ಬೇಕು ಅಂದವರ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ಮಾರನೆಯ ಬೆಳಗ್ಗೆಯಿಂದ ಆ ಮನೆಗಳಿಗೆ ಬಿಸಿಲು. ಇಷ್ಟೇ ಆಗಿದ್ದರೆ ಯಾರು ಬೇಕಾದರೂ ಮಾಡಬಹುದಿತ್ತು. ಆದರೆ ನಮ್ಮೂರಿನ ಜನರ ವಿಷಯ ನಿಮಗೆ ಗೊತ್ತಿಲ್ಲ. ನಮ್ಮವರು ಮೊದಲನೇ ಸಲಕ್ಕೆ ಯಾವುದಕ್ಕೂ ಬೇಕು ಅನ್ನುವವರಲ್ಲ. ಕಾಫಿ ಕೊಡಲೇ ಅಂದರೆ ಈಗ ತಾನೇ ಕುಡಿದೆ ಅನ್ನುತ್ತಾರೆ, ಗಂಟಲು ಒಣಗಿ ಸಾಯುತ್ತಿದ್ದರೂ ಸರಿಯೆ. ಎರಡನೇ ಸಲ ಕೇಳಿದರೆ ನಿಮಗ್ಯಾಕೆ ತೊಂದರೆ ಅನ್ನುತ್ತಾರೆ. ಮೂರನೇ ಸಲ ಕೇಳಿದಾಗ, ನೀವು ಇಷ್ಟು ಹೇಳ್ತೀರಾ ಅಂತ ಅರ್ಧ ಲೋಟ ಕೊಡಿ ಅಂದು ಎರಡು ಲೋಟ ಕುಡಿಯುತ್ತಾರೆ. ಮೊದಲನೇ ಸಲಕ್ಕೇ ಕೈ ಚಾಚಿದವನನ್ನು ನಮ್ಮೂರು ಹೊಟ್ಟೆಬಾಕ ಎಂದು ಕರೆಯುತ್ತದೆ. ಒಂದೇ ಸಲ ಕೇಳಿ ಬಿಟ್ಟವನನ್ನು ಜುಗ್ಗ ಎಂದು ಕರೆಯುತ್ತದೆ.

ಅಪ್ಪ ಈ ನಾಡಿ ಬಲ್ಲವರು. ಜಗಲಿಯ ಅಂಚಿಗೆ ನಿಂತು ಕೇಳುತ್ತಿದ್ದರು, "ಬಿಸಿಲು ತಂದಿದ್ದೀನಿ, ಕೊಡಲಾ?"

"ಅಯ್ಯೋ, ನಮಗ್ಯಾಕೆ ಹಾಲಪ್ಪ, ಬೇರೆಯವರಿಗೆ ಕೊಡು."

"ಸ್ವಲ್ಪ?"

"ಬೇಡ ಬಿಡಪ್ಪ, ಹೆಂಗೋ ಆಗುತ್ತೆ."

ಆಮೇಲೆ ಬರುತ್ತಿತ್ತು ಅಪ್ಪನ ಮೂರನೇ ಮಾತು. ಮೊದಲ ಎರಡು ಮಾತು ಎಲ್ಲರ ಮನೆಗೂ ಒಂದೇ. ಮೂರನೆಯದು ಮಾತ್ರ ಮನೆಗೊಂದು. ಗುಲಾಬಿ ಬೆಳೆಸುವವರಿಗೆ, ಗಿಡಕ್ಕಾದರೂ ಇರಲಿ. ಮಂಡಿ ನೋವಿನ ಅಜ್ಜಿಗೆ, ಕಾಲು ಚಾಚಿಕೊಂಡು ಕೂರಕ್ಕಾದರೂ ಇರಲಿ. ಆಗ ಆ ಮನೆಯವರ ಮುಖ ಅರಳುತ್ತಿತ್ತು. "ಗಿಡಕ್ಕೆ ಅಂದ್ರೆ ಸರಿ, ಕೊಟ್ಟು ಹೋಗು" ಅನ್ನುತ್ತಿದ್ದರು. ಯಾರ ಮನೆಗೆ ಯಾವ ಮಾತು ಎಂಬುದನ್ನೇ ಅಪ್ಪ ಆ ಉದ್ದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದದ್ದು. ಚಿಕ್ಕವಳಿದ್ದಾಗ ನಾನೂ ಅವರ ಬೆರಳು ಹಿಡಿದು ತಿರುಗಿದ್ದೇನೆ.

ಅಪ್ಪ ತೀರಿಕೊಂಡು ಈಗ ಮೂರು ವರ್ಷ. ಪುಸ್ತಕವನ್ನು ಅವರ ಶಾಲಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟವಳು ಮತ್ತೆ ತೆಗೆದಿಲ್ಲ. ಅವರ ಅಕ್ಷರ ನೋಡುವ ಎದೆ ನನಗಿರಲಿಲ್ಲ. ಒಂದಷ್ಟು ಕಾಲ ಊರ ಕಚೇರಿಯವರು ಯಾರ್ಯಾರನ್ನೋ ಕಳಿಸಿ ಕೇಳಿಸಿದರು. ಆಮೇಲೆ ಒಂದು ದಿನ ಕಟ್ಟೆಯ ಮೇಲೆ ಪೆಟ್ಟಿಗೆ ತಂದು ನಿಲ್ಲಿಸಿದರು.

ನನ್ನದು ಬೀದಿಯಲ್ಲಿ ಹಿಟ್ಟಿನ ಗಿರಣಿ. ಮಷೀನು ಎಂದರೆ ನನಗೆ ದ್ವೇಷವಿಲ್ಲ, ಇಪ್ಪತ್ತು ವರ್ಷದಿಂದ ಒಂದರ ಜೊತೆ ಸಂಸಾರ ಮಾಡುತ್ತಿದ್ದೇನೆ. ನನ್ನ ಮಷೀನಿಗೆ ಒಂದು ಗುಂಡಿ, ಮೇಲೆ ಹಾಕಿದರೆ ಕೆಳಗೆ ಬೀಳುತ್ತದೆ, ಮುಗಿಯಿತು. ಈ ಪೆಟ್ಟಿಗೆಯ ಗಾಜಿನ ಮೇಲೆ ಬೆರಳಿಟ್ಟರೆ ಮೊದಲು ಮನೆ ಸಂಖ್ಯೆ ಕೇಳುತ್ತದೆ. ನಮ್ಮೂರಲ್ಲಿ ಮನೆಗೆ ಸಂಖ್ಯೆ ಎಲ್ಲಿದೆ? ಅದಕ್ಕೊಂದು ಪಟ್ಟಿ ಮಾಡಿ ಪಕ್ಕದ ಗೋಡೆಗೆ ಅಂಟಿಸಿದರು, ಪೆಟ್ಟಿಗೆಯಿಂದ ಹತ್ತು ಹೆಜ್ಜೆ ಆಚೆ. ಸಂಖ್ಯೆ ನೋಡಿಕೊಂಡು ಬರುವಷ್ಟರಲ್ಲಿ 'ಸಮಯ ಮುಗಿದಿದೆ, ಮೊದಲಿನಿಂದ ಆರಂಭಿಸಿ' ಎಂದು ಬಂದಿರುತ್ತದೆ. ಆಮೇಲೆ ಊರಿಗೆಲ್ಲ ಕೇಳುವ ದನಿಯಲ್ಲಿ ಪೆಟ್ಟಿಗೆ ಕೇಳುತ್ತದೆ, "ಬಿಸಿಲು ಬೇಕೇ?" ಕೆಳಗೆ ಎರಡು ಗುಂಡಿ. ಬೇಕು, ಬೇಡ.

ಇನ್ನೇನಾಗುತ್ತದೆ? ಜನ ಬೇಡ ಒತ್ತಿದರು. ಒತ್ತಿ, ಎರಡನೇ ಸಲ ಕೇಳಲಿ ಎಂದು ಕೈಕಟ್ಟಿ ನಿಂತರು. ಪೆಟ್ಟಿಗೆ, "ಧನ್ಯವಾದ, ನಿಮ್ಮ ಮನೆಗೆ ಒಂದು ಮಂಡಲ ಬಿಸಿಲು ಬೇಡವೆಂದು ದಾಖಲಾಗಿದೆ" ಅಂದು ಮುಂದಿನವರನ್ನು ಕರೆಯಿತು. ಕಣ್ಣುಮುಚ್ಚಿ ಬೇಕು ಒತ್ತಿದ ಗಟ್ಟಿಗರೂ ಇದ್ದರು. ಅವರಿಗೆ ಇನ್ನೊಂದು ಪ್ರಶ್ನೆ ಕಾದಿತ್ತು. "ಖಂಡಿತವಾಗಿಯೂ ಬೇಕೇ?" ನಮ್ಮೂರಲ್ಲಿ ಹಾಗೆ ಕೇಳುವುದು ಒಬ್ಬರೇ. ಎಲೆ ಹಾಕಿ, ಸೌಟು ಮೇಲೆತ್ತಿ ಹಿಡಿದು, ಊಟ ಮಾಡ್ಕೊಂಡೇ ಬಂದಿದ್ದೀರಲ್ಲ ಅನ್ನುವ ಜಿಪುಣರು. ನಿವೃತ್ತ ಹೆಡ್‌ಮೇಷ್ಟ್ರು ಗುರುಸಿದ್ದಯ್ಯನವರು ಆ ಪ್ರಶ್ನೆ ಕೇಳಿ ಕಿವಿ ಕೆಂಪಾಗಿಸಿಕೊಂಡು, "ನಿನ್ನ ಬಿಸಿಲು ನೀನೇ ಇಟ್ಕೊ" ಎಂದು ಪೆಟ್ಟಿಗೆಗೆ ಹೇಳಿ ಮನೆಗೆ ನಡೆದರು. ಮನೆಯ ತುಂಬ ಪುಸ್ತಕ ಇಟ್ಟುಕೊಂಡು ಒಂದು ಮಂಡಲ ಪೂರ್ತಿ ದೀಪ ಹಚ್ಚಿ ಓದಿದರು.

ಇನ್ನೂರು ಮನೆಯಲ್ಲಿ ನಲವತ್ತಕ್ಕೆ ಬಿಸಿಲು ಬಿತ್ತು. ಉಳಿದವರು ಹೊಂದಿಕೊಂಡರು, ನಮ್ಮವರಿಗೆ ಅದೊಂದು ಚೆನ್ನಾಗಿ ಬರುತ್ತದೆ. ಒದ್ದೆ ಬಟ್ಟೆ ಕೆರೆ ಏರಿಯ ಮೇಲೆ ಒಣಗಿದವು. ಉಪ್ಪಿನಕಾಯಿಗೆ ಬೂಷ್ಟು ಬಂತು. ಬಿಸಿಲಿದ್ದ ಮನೆಯವರ ತಾರಸಿಯ ಮೇಲೆ ಬೇರೆಯವರ ಹಾಸಿಗೆ, ದಿಂಬು, ಮೆಣಸಿನಕಾಯಿ. ದೂರು ಕೊಟ್ಟವರು ಒಬ್ಬರೂ ಇಲ್ಲ. ಯಾಕೆಂದರೆ ದೂರು ಕೊಡುವ ಗುಂಡಿಯೂ ಅದೇ ಪೆಟ್ಟಿಗೆಯಲ್ಲಿತ್ತು, ಮತ್ತು ಅದು ಬಿಸಿಲು ಸಿಕ್ಕವರಿಗೆ ಮಾತ್ರ ಕಾಣುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಈ ಪೂಜಾರಿಗೆ ಬೈಯಬೇಕಾದರೂ ಮೊದಲು ವರ ಪಡೆದಿರಬೇಕು. ನನಗೆ ಬಿಸಿಲಿತ್ತು. ನಾನು ಊರಿಗೇ ಬಾಯಿಬಡುಕಿ, ಬೇಕು ಅಂದರೆ ಬೇಕು. ಖಂಡಿತವಾಗಿಯೂ ಬೇಕೇ ಅಂದರೆ, ಹೌದಪ್ಪ ಕಿವಿ ಕೇಳಲ್ವಾ ಅನ್ನುವವಳು.

ಈಗ ಸಾವಂತ್ರಕ್ಕನ ವಿಷಯಕ್ಕೆ ಬರುತ್ತೇನೆ. ನನ್ನ ಗಿರಣಿಯ ಎದುರು ಮನೆ ಅವಳದು. ದಾಕ್ಷಿಣ್ಯಕ್ಕೆ ಇನ್ನೊಂದು ಹೆಸರು. ನನ್ನ ಹತ್ತಿರ ರಾಗಿ ಬೀಸಿಸಲು ಬಂದರೆ ತನಗಿಂತ ಹಿಂದೆ ಬಂದವರನ್ನೆಲ್ಲ ಮುಂದೆ ಕಳಿಸಿ, ಕೊನೆಗೆ ಕರೆಂಟು ಹೋದ ಮೇಲೆ, "ಪರವಾಗಿಲ್ಲ ಕಣೆ, ನಾಳೆ ಬರ್ತೀನಿ" ಅಂದು ಹೋಗುವವಳು. ನನಗೆ ಅವಳನ್ನು ಕಂಡರೆ ಎಷ್ಟು ಪ್ರೀತಿಯೋ ಅಷ್ಟೇ ಸಿಟ್ಟು. ಅವಳ ಮಗಳು ಇಂದುಮತಿಗೆ ಪಕ್ಕದೂರಿನ ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಹೆಣ್ಣು ಮಗು ಹುಟ್ಟಿತ್ತು. ಐದನೇ ದಿನ ಮನೆಗೆ ಕರೆತಂದರು. ಸೋಮವಾರ ಬೆಳಗ್ಗೆ ಗ್ರೇಸಿ ನರ್ಸಮ್ಮ ಬಂದು ಮಗುವಿನ ಮೂಗಿನ ತುದಿ ಒತ್ತಿ, ಕಣ್ಣಿನ ಬಿಳಿ ನೋಡಿ, "ಹಳದಿ ಇದೆ" ಅಂದರು.

"ಗಾಬರಿ ಆಗೋದು ಬೇಡ. ದಿನಾ ಬೆಳಗ್ಗೆ ಎಳೆ ಬಿಸಿಲಲ್ಲಿ ಕಿಟಕಿ ಪಕ್ಕ ಮಲಗಿಸಿ, ಗಂಟೆಗೊಂದು ಸಲ ಹಾಲು ಕುಡಿಸ್ತಾ ಇರಿ. ಹೊರಗೆ ಮಾತ್ರ ಒಯ್ಯಬೇಡಿ, ಈ ಶೀತಗಾಳಿ ಆಗಲ್ಲ. ಶನಿವಾರ ಬಂದು ನೋಡ್ತೀನಿ. ಇಳೀದಿದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು."

"ನಾನೂ ಹೋಗ್ಬಹುದಲ್ಲ?" ಇಂದುಮತಿ ಹಾಸಿಗೆಯಿಂದಲೇ ಕೇಳಿದಳು.

"ಈ ಹೊಲಿಗೆ ಇಟ್ಕೊಂಡು ಎಂಟು ತಾಸು ಬಸ್ಸಲ್ಲಾ? ಮಗು ಅಲ್ಲಿ, ನೀವು ಇಲ್ಲಿ. ಅದಕ್ಕೇ ಹೇಳ್ತಿರೋದು, ಬಿಸಿಲು ಕೊಡಿ."

ಪುಣ್ಯಕ್ಕೆ ಅವತ್ತೇ ಹೊಸ ಮಂಡಲಕ್ಕೆ ಬಿಸಿಲು ಕೇಳುವ ದಿನ. ಹಿಂದಿನ ಸಲ ಸಾವಂತ್ರಕ್ಕ ಬೇಡ ಒತ್ತಿ ಬಂದು ಮಬ್ಬಿನಲ್ಲೇ ಕಳೆದಿದ್ದಳು. ಈ ಸಲ ಹಾಗಾಗಬಾರದೆಂದು ನಾನು ಅವಳ ಮನೆಗೇ ಹೋಗಿ, ಗಿರಣಿಯ ಮೊರವನ್ನು ಎದೆಗೆ ಹಿಡಿದು ಪೆಟ್ಟಿಗೆಯಾದೆ. ಮೊರದ ಮೇಲೆ ಸುಣ್ಣದಲ್ಲಿ ಎರಡು ಗುಂಡಿ ಬರೆದೆ.

"ಬಿಸಿಲು ಬೇಕೇ?" ಅಂದೆ, ಪೆಟ್ಟಿಗೆಯ ದನಿ ಮಾಡಿ.

"ಬೇಡ ಬಿಡೇ," ಅಂದಳು.

"ಅಕ್ಕ, ನಾನು ಕೇಳ್ತಿಲ್ಲ. ಪೆಟ್ಟಿಗೆ ಕೇಳ್ತಿದೆ. ಅದಕ್ಕೆ ನಾಚಿಕೆ ಇಲ್ಲ, ಮಾನ ಇಲ್ಲ. ನೀನೂ ಬಿಡು. ಬೇಕು ಅನ್ನು."

ಆರು ಸಲ ಕಲಿಸಿದೆ. ಏಳನೇ ಸಲ ಬೆರಳು ಸರಿಯಾಗಿ ಬೇಕು ಎಂಬ ಗುಂಡಿಗೇ ಹೋಯಿತು. ಇಂದುಮತಿ ಮಲಗಿದಲ್ಲಿಂದಲೇ ನಕ್ಕಳು. ಗಿರಣಿಯ ಮುಂದೆ ಜನ ನಿಂತಿದ್ದರು, ನಾನು ಅವಳ ಜೊತೆ ಹೋಗಲಿಲ್ಲ. ಅದಕ್ಕೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಅರ್ಧ ಗಂಟೆಗೆ ವಾಪಸು ಬಂದಳು. ಸೀದಾ ನನ್ನ ಹತ್ತಿರ ಬಂದು ಹಿಟ್ಟಿನ ಚೀಲದ ಮೇಲೆ ಕೂತಳು. ಮುಖ ನೋಡಿದ ಕೂಡಲೇ ಮಷೀನು ನಿಲ್ಲಿಸಿದೆ.

"ಬೇಕು ಅಂತ್ಲೇ ಒತ್ತಿದೆ ಕಣೆ, ಮಾದೇವಿ. ನೀನು ಹೇಳಿದ ಹಾಗೇ ಒತ್ತಿದೆ. ಆಮೇಲೆ ಅದು ಖಂಡಿತವಾಗಿಯೂ ಬೇಕೇ ಅಂತ ಅಷ್ಟು ಗಟ್ಟಿಯಾಗಿ ಕೇಳ್ತು. ಹಿಂದೆ ಮೇಷ್ಟ್ರು ನಿಂತಿದ್ರು. ಪಾಪ, ಅವರ ಮನೆ ಕತ್ತಲೆ. ಎಲ್ಲಾ ನನ್ನೇ ನೋಡ್ತಿದ್ರು. ಇವಳೊಬ್ಬಳಿಗೆ ಅಂತ... ಕೈ ತಾನೇ ಹೋಯ್ತು."

"ಎಲ್ಲಿಗೆ ಹೋಯ್ತು?"

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳಿಗೆ ಬೈಯೋಣ ಎಂದು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಎರಡನೇ ಪ್ರಶ್ನೆಯನ್ನು ನಾನು ಕಲಿಸಿಯೇ ಇರಲಿಲ್ಲ. ನನ್ನಂಥ ದಪ್ಪ ಚರ್ಮದವಳಿಗೆ ಅದು ಚುಚ್ಚುವುದಿಲ್ಲ, ಅದಕ್ಕೇ ನೆನಪಿಗೇ ಬಂದಿರಲಿಲ್ಲ. ಚುಚ್ಚಿದ್ದು ಅವಳಿಗೆ, ತಪ್ಪು ನನ್ನದು.

ಕಚೇರಿಗೆ ಓಡಿದೆ. ಅಲ್ಲಿದ್ದ ಗುಮಾಸ್ತ ಒಳ್ಳೆಯವನೇ, ಕೈ ತಿರುಗಿಸಿ ತೋರಿಸಿದ. "ನಮ್ಮ ಕೈಯಲ್ಲಿ ಏನೂ ಇಲ್ಲ ಮಾದೇವಕ್ಕ. ಒತ್ತಿದ ಮೇಲೆ ಒತ್ತಿದಂಗೇ. ಪೆಟ್ಟಿಗೆ ಮಾಡಿದೋರಿಗೇ ಹೇಳ್ಬೇಕು." ಮಾಡಿದವರು ಎಲ್ಲಿದ್ದಾರೆ ಅಂದರೆ ಗೊತ್ತಿಲ್ಲ. ಕೊನೆಗೆ ಪೆಟ್ಟಿಗೆಯ ಮುಂದೆಯೇ ನಿಂತು, ನನಗೆ ಬಿಸಿಲು ತೆಗೆದುಕೊಂಡು, ದೂರಿನ ಗುಂಡಿ ಒತ್ತಿದೆ. 'ಬಿಸಿಲು ಹೆಚ್ಚಾಗಿದೆ', 'ಬಿಸಿಲು ಬೇಗ ಬರುತ್ತಿದೆ', 'ಇತರೆ' ಎಂದು ಮೂರು ಕೊಟ್ಟಿತು. ಇತರೆ ಒತ್ತಿ ನಡೆದದ್ದನ್ನೆಲ್ಲ ಬರೆಯಲು ಕೂತರೆ ಹನ್ನೆರಡು ಅಕ್ಷರಕ್ಕೆ ನಿಂತುಬಿಟ್ಟಿತು, ನಡುವೆ ಬಿಟ್ಟ ಜಾಗವೂ ಸೇರಿ. ಬೈಗುಳಕ್ಕೆ ಕೂಡ ಸಾಲದು. ಬರೆದು ಅಳಿಸಿ, ಬರೆದು ಅಳಿಸಿ, ಮೂರು ಸಲ ಸಮಯ ಮುಗಿದು, ಕೊನೆಗೆ ಇಷ್ಟು ಹಿಡಿಸಿದೆ: ಮಗು ಹಳದಿ ಬಂದು ನೋಡಿ.

ಮಂಗಳವಾರ ಬೆಳಗ್ಗೆ ನನ್ನ ಅಂಗಳದಲ್ಲಿ ಬಿಸಿಲು ಬಿತ್ತು. ಎದುರಿಗೆ ಸಾವಂತ್ರಕ್ಕನ ಮನೆ ಮಬ್ಬಾಗಿತ್ತು. ನಡುವೆ ಹದಿನೈದು ಹೆಜ್ಜೆ. ಹಾಗೆ ನೋಡುತ್ತಾ ನಿಂತಾಗ ತೊಳೆದು ಒರಗಿಸಿಟ್ಟಿದ್ದ ಅಪ್ಪನ ಹಿತ್ತಾಳೆ ಹರಿವಾಣದ ಹೊಳಪು ಕಣ್ಣಿಗೆ ಹೊಡೆಯಿತು. ಎತ್ತಿಕೊಂಡು ಅಂಗಳಕ್ಕೆ ಬಂದೆ. ಆ ಕಡೆ ಈ ಕಡೆ ತಿರುಗಿಸಿ, ಬಿಸಿಲನ್ನು ಅವಳ ಕಿಟಕಿಗೆ ಕಳಿಸಿದೆ. ಅಂಗೈಯಗಲದ ಬೆಳಕು ಹೋಗಿ ಮಗುವಿನ ಹೊಟ್ಟೆಯ ಮೇಲೆ ಕೂತಿತು.

"ಅಯ್ಯೋ, ಬೇಡ ಕಣೆ, ಕೈ ನೋಯುತ್ತೆ," ಒಳಗಿಂದ ಸಾವಂತ್ರಕ್ಕ ಅಂದಳು.

"ಸುಮ್ನಿರಕ್ಕ ನೀನು. ಮಗೂನ ಸ್ವಲ್ಪ ಈ ಕಡೆ ಸರಿಸು."

ಹತ್ತು ನಿಮಿಷಕ್ಕೆ ನನ್ನ ಕೈ ಸೋತಿತು. ರಾಗಿ ತಂದಿದ್ದವರೊಬ್ಬರು ಹರಿವಾಣ ತೆಗೆದುಕೊಂಡರು. ಅವರ ಹೆಂಡತಿ ಮನೆಗೆ ಹೋಗಿ ಸ್ಟೀಲ್ ತಟ್ಟೆ ತಂದಳು. ಕ್ಷೌರದಂಗಡಿಯ ಮುನಿವೆಂಕಟ ಗೋಡೆಯ ಕನ್ನಡಿಯನ್ನೇ ಬಿಚ್ಚಿಕೊಂಡು ಬಂದ. ಯಾರಿಗೂ ನಾನು ಕರೆ ಕಳಿಸಲಿಲ್ಲ. ಬುಧವಾರದ ಹೊತ್ತಿಗೆ ನನ್ನ ಅಂಗಳದಲ್ಲಿ ಇಪ್ಪತ್ತು ಜನ. ತಮ್ಮ ಮನೆಗೆ ಬಿಸಿಲಿಲ್ಲದವರೇ ಹೆಚ್ಚು. ಗುರುಸಿದ್ದಯ್ಯ ಮೇಷ್ಟ್ರು ತಮಗೆ ಶಾಲೆಯಲ್ಲಿ ಸನ್ಮಾನ ಮಾಡಿ ಕೊಟ್ಟಿದ್ದ ಬೆಳ್ಳಿಬಣ್ಣದ ತಟ್ಟೆ ಹಿಡಿದು ನಿಂತರು. "ಎಡಕ್ಕೆ ವಾಲಿಸಿ, ಮುನಿವೆಂಕಟ, ನಿನ್ನದು ಗೋಡೆ ಮೇಲೆ ಬೀಳ್ತಿದೆ," ಎಂದು ಎಲ್ಲರಿಗೂ ಪಾಠ ಹೇಳಿದರು. ಇಂದುಮತಿ ಕಿಟಕಿಯ ಪಕ್ಕ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಚೂರು ಚೂರು ಬಿಸಿಲು ಮಗುವಿನ ಮೈಮೇಲೆ ಓಡಾಡುತ್ತಿತ್ತು.

ಆದರೆ ತಟ್ಟೆಯ ಬಿಸಿಲು ತಟ್ಟೆಯದೇ. ಗುರುವಾರ ಬೆಳಗ್ಗೆ ಗ್ರೇಸಿ ನರ್ಸಮ್ಮ ಆ ದಾರಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದು ನೋಡಿದರು. "ಏರಿಲ್ಲ," ಅಂದರು. "ಇಳಿದೂ ಇಲ್ಲ. ಸಾಲದು." ಹೋಗುವಾಗ ದೊಡ್ಡಾಸ್ಪತ್ರೆಯ ಚೀಟಿಯನ್ನು ಬರೆದು ಮೊಳೆಗೆ ಸಿಕ್ಕಿಸಿ ಹೋದರು, ಶನಿವಾರದ ತಾರೀಕು ಹಾಕಿ. ಇಂದುಮತಿ ಆ ಚೀಟಿಗೆ ಬೆನ್ನು ಹಾಕಿ ಕೂತಳು.

ಅವತ್ತು ಹನ್ನೊಂದರ ಬಸ್ಸಿಗೆ ಒಬ್ಬರು ಇಳಿದರು. ಮೂವತ್ತರ ಆಚೀಚೆ, ಕನ್ನಡಕ, ಬೆನ್ನಿಗೆ ಚೀಲ. ನಮ್ಮ ಬೀದಿಗೆ ಬಂದು ತಟ್ಟೆ ಹಿಡಿದ ಜನರನ್ನು ನೋಡಿ ಹಬ್ಬವಿರಬೇಕು ಎಂದು ಚಪ್ಪಲಿ ಬಿಟ್ಟರು.

"ಇಲ್ಲಿ ಮಾದೇವಿ ಅನ್ನೋರು ಯಾರು? ನಾನು ಯಶೋಧರ. ಪೆಟ್ಟಿಗೆ ಕಡೆಯವನು. ಒಂದು ದೂರು ಬಂದಿತ್ತು, ಮಗು ಹಳದಿ ಅಂತ."

ಮೂರು ದಿನದಿಂದ ಇವರಿಗೆಂದೇ ಕಟ್ಟಿಟ್ಟಿದ್ದ ಬೈಗುಳವೆಲ್ಲ ನಾಲಿಗೆಯ ತುದಿಗೆ ಬಂತು. ಆದರೆ ಅವರು ಕಿಟಕಿಯತ್ತ ನೋಡಿದರು, ತಟ್ಟೆಗಳನ್ನು ನೋಡಿದರು, ಮೇಷ್ಟ್ರ ನಡುಗುವ ಕೈ ನೋಡಿದರು. ಚೀಲ ಕೆಳಗಿಟ್ಟು, "ಕೊಡಿ ಸರ್, ನಾನು ಹಿಡೀತೀನಿ" ಅಂದು ತಟ್ಟೆ ತೆಗೆದುಕೊಂಡರು. ಬಿಸಿಲು ನೆತ್ತಿಗೇರುವ ತನಕ ಹಿಡಿದು ನಿಂತರು. ಬೈಗುಳ ನುಂಗಿಕೊಂಡೆ. ನನಗೆ ಅದು ಸುಲಭದ ಕೆಲಸವಲ್ಲ.

"ನಮ್ಮ ಲೆಕ್ಕದಲ್ಲಿ ಈ ಊರು ತುಂಬಾ ಚೆನ್ನಾಗಿದೆ," ಅವರು ನಿಂತಲ್ಲೇ ಹೇಳಿದರು. "ನೂರಕ್ಕೆ ಎಂಬತ್ತು ಮನೆಯವರಿಗೆ ಬಿಸಿಲೇ ಬೇಡ. ಒಂದೂ ದೂರಿಲ್ಲ. ನನ್ನ ಕೆಲಸ ಮೆಚ್ಚಿ ಶಾಲು ಹೊದಿಸಿದ್ರು. ಆಮೇಲೆ ನಿಮ್ಮ ಹನ್ನೆರಡು ಅಕ್ಷರ ಬಂತು. ಅರ್ಥ ಆಗ್ಲಿಲ್ಲ. ಬಂದು ನೋಡಿ ಅಂದಿದ್ರಲ್ಲ, ಬಂದೆ."

ಸಾವಂತ್ರಕ್ಕ ಬಾಗಿಲಿಗೆ ಬಂದಳು. "ದೂರದಿಂದ ಬಂದಿದ್ದೀರಿ. ಊಟ ಮಾಡ್ಕೊಂಡು ಹೋಗಿ."

"ಬೇಡಮ್ಮ, ಬಸ್ಸಲ್ಲೇ ತಿಂದೆ," ಅಂದರು ಯಶೋಧರ. ಆ ಬಸ್ಸು ಎಲ್ಲಿಯೂ ನಿಲ್ಲುವುದಿಲ್ಲವೆಂದು ಊರಿಗೆಲ್ಲ ಗೊತ್ತು.

"ಒಂಚೂರು?"

"ಪರವಾಗಿಲ್ಲ, ನಿಮಗ್ಯಾಕೆ ತೊಂದರೆ. ಬಾಣಂತಿ ಮನೆ."

"ಬಾಣಂತಿಗೆ ಅಂತ ಮಾಡಿದ ಮೆಣಸಿನ ಸಾರಿದೆ. ಬಸ್ಸಿನ ತಲೆನೋವಿಗೆ ಒಳ್ಳೇದು. ತಲೆನೋವಿಗಾದ್ರೂ ಕೂತ್ಕೊಳ್ಳಿ."

"ನೀವು ಇಷ್ಟು ಹೇಳ್ತೀರಾ ಅಂತ," ಅಂದು ಕೂತರು. ಅನ್ನದ ಗುಡ್ಡೆಯನ್ನು ಎರಡು ನಿಮಿಷದಲ್ಲಿ ಕರಗಿಸಿದರು. ಸಾವಂತ್ರಕ್ಕ ಹಪ್ಪಳವಿಲ್ಲ, ಒಣಗಿಸಲು ಬಿಸಿಲಿರಲಿಲ್ಲ ಎಂದು ಕ್ಷಮೆ ಕೇಳಿದಳು. ನಾನು ಬಾಗಿಲಿಗೆ ಒರಗಿ ನೋಡುತ್ತಿದ್ದವಳು ಅವಳ ಕೈಯಿಂದ ಅನ್ನದ ಬಟ್ಟಲು ತೆಗೆದುಕೊಂಡೆ.

"ಇನ್ನೊಂದು ಸೌಟು ಹಾಕಲಾ?"

"ಹಾಕಿ, ಸಾರು ತುಂಬಾ ಚೆನ್ನಾಗಿದೆ."

ಸೌಟನ್ನು ತಟ್ಟೆಯ ಮೇಲೆ ತಂದು, ಗಾಳಿಯಲ್ಲೇ ನಿಲ್ಲಿಸಿ, ಅವರ ಮುಖ ನೋಡಿ, ಪೆಟ್ಟಿಗೆಯ ದನಿಯಲ್ಲಿ ಕೇಳಿದೆ, "ಖಂಡಿತವಾಗಿಯೂ ಬೇಕೇ?"

ಅವರ ಎಡಗೈ ಸರ್ರನೆ ತಟ್ಟೆಯ ಮೇಲೆ ಅಡ್ಡ ಬಂತು. "ಬೇಡ, ಬೇಡ. ಸಾಕು." ಕಿವಿ ಕೆಂಪಾಗಿತ್ತು, ಥೇಟ್ ಮೇಷ್ಟ್ರ ಹಾಗೆ.  ಆಮೇಲೆ ತಮ್ಮ ಕೈಯನ್ನೇ ನೋಡಿಕೊಂಡರು, ಬೇರೆ ಯಾರದೋ ಕೈ ನೋಡುವವರ ಹಾಗೆ.

"ಅದು ನಾನೇ ಹಾಕಿದ್ದು," ಮೆತ್ತಗೆ ಹೇಳಿದರು. "ಯಾರೂ ತಪ್ಪಿ ಒತ್ತಬಾರದು ಅಂತ. ಒಳ್ಳೇದಕ್ಕೆ ಅಂತಾನೇ ಹಾಕಿದ್ದು."

"ಗೊತ್ತು ಬಿಡಿ. ಈಗ ಇನ್ನೊಂದು ಹೇಳಿ. ಆಗ್ಲೇ ಅಕ್ಕ ಊಟಕ್ಕೆ ಕರೆದಾಗ ಮೊದಲನೇ ಸಲ ಬೇಡ ಅಂದ್ರಿ. ಧನ್ಯವಾದ, ನಿಮಗೆ ನಲವತ್ತೆಂಟು ದಿನ ಊಟ ಬೇಡ ಅಂತ ಬರ್ಕೊಂಡು ಬಾಗಿಲು ಹಾಕಿದ್ರೆ ಏನ್ ಮಾಡ್ತಿದ್ರಿ?"

 ಮಗು ಒಳಗೆ ಸಣ್ಣಗೆ ಅತ್ತಿತು. ಮೊಳೆಗೆ ಸಿಕ್ಕಿಸಿದ್ದ ಚೀಟಿಯನ್ನು ಅವರು ಓದಿದ್ದು ನಾನು ನೋಡಿದೆ. ಸಾವಂತ್ರಕ್ಕ ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡು, "ಊಟಕ್ಕೆ ಕೂತೋರನ್ನ ಹಿಂಗೆಲ್ಲಾ ಮಾತಾಡಿಸ್ತಾರೇನೆ, ಬಾಯಿಬಡುಕಿ" ಅಂದು ಎರಡು ಸೌಟು ಬಡಿಸಿದಳು. ಕೇಳಲೇ ಇಲ್ಲ. ಅವರು ಪೂರ್ತಿ ಊಟ ಮಾಡಿದರು.

ಕೈ ತೊಳೆದು ಬಂದು ನನ್ನನ್ನು ಕೇಳಿದ ಮೊದಲ ಮಾತು, "ಪೆಟ್ಟಿಗೆಗೆ ಮುಂಚೆ ಯಾರು ಕೇಳ್ತಿದ್ರು?" ನಾನು ಅಪ್ಪನ ವಿಷಯ ಹೇಳಿದೆ. ಮೂರು ಸಲ ಕೇಳುವುದನ್ನು ಹೇಳಿದೆ, ಮೂರನೇ ಮಾತು ಮನೆಗೊಂದು ಎಂಬುದನ್ನು ಹೇಳಿದೆ. "ಆ ಮಾತೆಲ್ಲ ಯಾರಿಗಾದ್ರೂ ನೆನಪಿದೆಯಾ?" ಅಂದರು. ನಾನು ಮನೆಗೆ ಹೋಗಿ ಟ್ರಂಕು ತೆಗೆದು, ಶಾಲಿನ ಸಮೇತ ಪುಸ್ತಕವನ್ನು ತಂದು ಅವರ ಕೈಗಿಟ್ಟೆ.

"ನೀವೇ ಬಿಚ್ಚಿ. ನನಗಾಗಲ್ಲ. ಅಕ್ಷರ ತಿಳೀದಿದ್ರೆ ಮೇಷ್ಟ್ರು ಓದ್ತಾರೆ. ಸಾವಂತ್ರಕ್ಕನ ಮನೆಗೆ ಅಪ್ಪ ಮಲ್ಲಿಗೆ ಬಳ್ಳಿ ಅಂತ ಬರೆದಿರ್ತಾರೆ, ಅದನ್ನ ತೆಗೆದು ಮಗು ಅಂತ ಹಾಕಿ."

ಮಧ್ಯಾಹ್ನವೆಲ್ಲ ಮೇಷ್ಟ್ರೂ ಅವರೂ ಕಟ್ಟೆಯ ಮೇಲೆ ಪೆಟ್ಟಿಗೆಯ ಬೆನ್ನು ಬಿಚ್ಚಿಕೊಂಡು ಕೂತರು. ಒಬ್ಬರು ಓದುವುದು, ಒಬ್ಬರು ಕುಟ್ಟುವುದು. ಗೋಡೆಯ ಮೇಲಿನ ಪಟ್ಟಿಯನ್ನು ಕಿತ್ತು ಹಾಕಿದರು, ಇನ್ನು ಮನೆಯವರ ಹೆಸರು ಹೇಳಿದರೆ ಸಾಕಂತೆ. ಸಮಯ ಮುಗಿಯುವುದನ್ನೂ ತೆಗೆದರಂತೆ. ಸಂಜೆ ಐದಕ್ಕೆ, ಬೇಡ ಎಂದು ಒತ್ತಿದ್ದೆಲ್ಲ ಅಳಿಸಿದೆ, ಅವರೆಲ್ಲ ಹೊಸದಾಗಿ ಬಂದು ಕೇಳಬಹುದು ಎಂದು ಸಾರಿದರು. ಸಾಲಿನಲ್ಲಿ ಎಲ್ಲರೂ ಸೇರಿ ಸಾವಂತ್ರಕ್ಕನನ್ನು ಮುಂದಕ್ಕೆ ತಳ್ಳಿದರು. ನೀವು ಮೊದಲು, ನೀವು ಮೊದಲು ಎಂದು ಅವಳು ಹಿಂದೆ ಸರಿಯಲು ನೋಡಿದಳು. ಈ ಸಲ ನಾನು ಅವಳ ಬೆನ್ನಿಗೇ ನಿಂತಿದ್ದೆ.

"ಸಾವಂತ್ರಮ್ಮ," ಅಂದಿತು ಪೆಟ್ಟಿಗೆ. ದನಿ ತಗ್ಗಿತ್ತು, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು. "ಬಿಸಿಲು ತಂದಿದ್ದೀನಿ, ಕೊಡಲಾ?"

ಬೆರಳು ಬೇಡಕ್ಕೆ ಹೋಯಿತು. 

"ಸ್ವಲ್ಪ?"

ಮತ್ತೆ ಬೇಡ.

"ಮೊಮ್ಮಗಳಿಗಾದರೂ ಇರಲಿ."

ಸಾವಂತ್ರಕ್ಕ ಬೆರಳಲ್ಲ, ಇಡೀ ಅಂಗೈಯನ್ನೇ ಬೇಕು ಎಂಬುದರ ಮೇಲೆ ಇಟ್ಟಳು. ಮತ್ತೇನೂ ಕೇಳದೆ ಪೆಟ್ಟಿಗೆ, "ಬೆಳಗ್ಗೆ ಬರುತ್ತೆ" ಅಂದಿತು. ಅವಳು ಅಲ್ಲಿಯೇ ಅತ್ತಳು. ಮೇಷ್ಟ್ರ ಸರದಿ ಬಂದಾಗ ಅವರೂ ಎರಡು ಸಲ ಬೇಡ ಅಂದರು, ಮೂರನೆಯದಕ್ಕೆ "ಓದಕ್ಕಾದರೂ ಇರಲಿ" ಎಂದು ಬಂತು. ಅದನ್ನು ಅವರೇ ಮಧ್ಯಾಹ್ನ ಓದಿ ಬರೆಸಿದ್ದು. ಆದರೂ "ಹಾಲಪ್ಪ ಕೇಳಿದಂಗೇ ಆಯ್ತು," ಅಂದರು.

ಶುಕ್ರವಾರ ಬೆಳಗ್ಗೆ ಸಾವಂತ್ರಕ್ಕನ ಕಿಟಕಿಯಲ್ಲಿ ಪೂರಾ ಬಿಸಿಲು. ಇಂದುಮತಿ ಮಗುವಿನ ಬಟ್ಟೆ ಬಿಚ್ಚಿ, ಮಗುಚಿ ಮಗುಚಿ ಮಲಗಿಸಿದಳು. ಎರಡು ಬೆಳಗು ಹಾಗೆ ಕಳೆಯಿತು. ಶನಿವಾರ ಹತ್ತು ಗಂಟೆಗೆ ಗ್ರೇಸಿ ನರ್ಸಮ್ಮ ಬಂದಾಗ ಬೀದಿಯ ಅರ್ಧ ಜನ ನನ್ನ ಗಿರಣಿಯ ಮುಂದೆ ಬೀಸಿಸಲು ಏನೂ ತರದೆ ನಿಂತಿದ್ದರು. ನರ್ಸಮ್ಮ ಮೂಗು ಒತ್ತಿದರು, ಅಂಗಾಲು ಒತ್ತಿದರು, ಕಣ್ಣು ನೋಡಿದರು. ಮೊಳೆಯಿಂದ ಚೀಟಿ ತೆಗೆದು ನಾಲ್ಕಾಗಿ ಹರಿದು ಸಾವಂತ್ರಕ್ಕನ ಕೈಗೆ ಕೊಟ್ಟರು. "ಇಳೀತಿದೆ. ಇನ್ನೊಂದು ವಾರ ಹೀಗೇ ಇರಲಿ." ಇಂದುಮತಿ ಮಗುವನ್ನು ಎದೆಗೆ ಒತ್ತಿಕೊಂಡಳು. ನಾನು ಗಿರಣಿಗೆ ಹೋಗಿ ಮಷೀನು ಖಾಲಿಯೇ ಓಡಿಸಿದೆ, ಅಳು ಕೇಳಿಸಬಾರದೆಂದು.

ಯಶೋಧರ ಅವತ್ತಿನ ಬಸ್ಸಿಗೆ ಹೊರಟರು. ಪುಸ್ತಕವನ್ನು ಶಾಲಿನಲ್ಲಿ ಹಾಗೇ ಸುತ್ತಿ ವಾಪಸು ಕೊಟ್ಟು, "ಒಂದು ಅಕ್ಷರವನ್ನೂ ನಾನು ಬದಲಾಯಿಸಿಲ್ಲ, ನೀವು ಹೇಳಿದ್ದೊಂದು ಬಿಟ್ಟು" ಅಂದರು. ನಾನು ಅದನ್ನು ಟ್ರಂಕಿನಲ್ಲಿಟ್ಟೆ. ಈಗಲೂ ಬಿಚ್ಚಲಿಲ್ಲ. ಗುರುವಾರ ನಾನು ಸಾಲಿನಲ್ಲಿ ನನಗಾಗಿ ಕೇಳಿರಲೂ ಇಲ್ಲ. ಬೇಡ ಅಂದಿದ್ದನ್ನು ಮಾತ್ರ ಅವರು ಅಳಿಸಿದ್ದು, ನನ್ನ ಬಿಸಿಲು ಇದ್ದೇ ಇತ್ತು.

ಹಾಗಾಗಿ ನನ್ನ ಸರದಿ ಬಂದದ್ದು ಮುಂದಿನ ಮಂಡಲಕ್ಕೆ. ಆ ಹೊತ್ತಿಗೆ ಮಗು ತುಂಬಿಕೊಂಡಿತ್ತು. ಅಜ್ಜಿಯ ಹೆಗಲಿಗೊರಗಿ ಸಾಲಿನಲ್ಲಿ ನನ್ನ ಹಿಂದೆಯೇ ಬಂದು, ಕೈಗೆ ತಾಗಿದಾಗೆಲ್ಲ ನನ್ನ ಜಡೆ ಹಿಡಿದುಕೊಳ್ಳುತ್ತಿತ್ತು. ನಾನು ಮುಂದೆ ಹೋಗಿ, "ಮಾದೇವಿ, ಹಿಟ್ಟಿನ ಗಿರಣಿ" ಅಂದೆ. ಮೊದಲ ಪ್ರಶ್ನೆಗೇ ಬೇಕು ಒತ್ತಬೇಕೆಂದು ಬೆರಳು ಎತ್ತಿಕೊಂಡೇ ನಿಂತಿದ್ದೆ. ಪೆಟ್ಟಿಗೆ ಏನೂ ಕೇಳಲಿಲ್ಲ. ಬೇಕು, ಬೇಡ ಎಂಬ ಗುಂಡಿಗಳೂ ಬರಲಿಲ್ಲ. ಬರೀ "ಬೆಳಗ್ಗೆ ಬರುತ್ತೆ" ಅಂದು ಸುಮ್ಮನಾಯಿತು.

"ಏನೇ ಅದು, ನಿನ್ನ ಏನೂ ಕೇಳ್ಲೇ ಇಲ್ಲ," ಹಿಂದಿನಿಂದ ಸಾವಂತ್ರಕ್ಕ ಅಂದಳು. "ಕೆಟ್ಟೋಯ್ತಾ?"

ನಾನು ಮೇಷ್ಟ್ರ ಕಡೆ ತಿರುಗಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು.

"ಕೆಟ್ಟಿಲ್ಲ. ಪುಸ್ತಕದಲ್ಲಿ ಇರೋದೇ ಹಾಗೆ," ಅಂದರು. "ಕೊನೇ ಪುಟ. ನಾನೇ ಓದಿ ಬರೆಸಿದೆ. ಮಾದೇವಿ, ಅಂತ ನಿನ್ನ ಹೆಸರು. ಎದುರಿಗೆ, ಇವಳನ್ನು ಕೇಳುವುದು ಬೇಡ, ಕೊಟ್ಟುಬಿಡುವುದು."

ನಾನು ಪೆಟ್ಟಿಗೆಯ ಮುಂದೆ ಹಾಗೇ ನಿಂತೆ. ಸಾಲಿನಲ್ಲಿ ಇದ್ದವರು ಯಾರೂ ಪಕ್ಕಕ್ಕೆ ಸರಿ ಅನ್ನಲಿಲ್ಲ. ಎತ್ತಿದ ಬೆರಳನ್ನು ಇಳಿಸುವುದು ಮರೆತಿದ್ದೆ, ಸಾವಂತ್ರಕ್ಕ ಹತ್ತಿರ ಬಂದಾಗ ಮಗುವಿನ ಅಂಗೈಗೆ ಅದು ತಾಗಿತು, ಮಗು ಹಿಡಿದುಕೊಂಡಿತು.